ಕೆಂಪ ರಾಶಿ ಒಂಬತ್ತ ಫೋಟೋ ಯಾಕ ಬೇಕವ್ವಾ?

ತಂಗೀ,

ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ ಮ್ಯಾಲಿನ ನಿನ್ನ ಲೇಖನ ರಾತ್ರಿ ಓದಿದೆ. ಬರದದ್ದು ಛೊಲೋ ಐತಿ, ನನ್ನ ತಕರಾರ ಇರೋದು ಫೋಟೋದ್ದು. ಒಂಬತ್ತ ಹಾಕೀಯಲ್ಲ, ಹೆಚ್ಚುಕಡಿಮಿ ಎಲ್ಲಾದ್ರಾಗೂ ಅದ ಕೆಂಪ ರಾಶಿ, ಮೂರನೇದ್ದಕ್ಕ ನನ್ನ ಬೆರಳು ತಾನ ಮುಂದ ಸರಸಾಕತ್ತು.

ಬ್ಯಾಡಗಿ ಕಾಯಿದಾಗ ಎರಡ ಜಾತಿ, ಡಬ್ಬಿ ಅಂದ್ರ ಗಿಡ್ಡ ದಪ್ಪ, ಕಡ್ಡಿ ಅಂದ್ರ ಉದ್ದ ಸಣ್ಣ, ಸುಕ್ಕ ಜಾಸ್ತಿ, ಬೀಜ ಕಡಿಮಿ ಅಂತ ಒಂದ ಪ್ಯಾರಾ ತುಂಬ ಹೇಳೀ, ಆದ್ರ ಎರಡೂ ಕಾಯಿ ಬಾಜೂಕ ಬಾಜೂಕ ಇಟ್ಟದ್ದು ಒಂದ ಫೋಟೋನೂ ಇಲ್ಲ. ಯಾರದರ ಅಂಗೈ ಮ್ಯಾಲೆ ಇಡಿಸಿ ಹತ್ರ ಹೋಗಿ ತಗಿ, ಅಂಗೈನ ಅಳತಿ ಆಗತೈತಿ, ಪ್ಯಾರಾ ಅರ್ಧ ಉಳೀತೈತಿ.

ಮತ್ತ ಆ ಫಿಲ್ಟರ್! ಬ್ಯಾಡಗಿ ಕಾಯಿಗೆ ದರ ಸಿಗೋದ ಬಣ್ಣದ ಮ್ಯಾಲೆ, ಖಾರ ಕಡಿಮಿ ಬಣ್ಣ ಜಾಸ್ತಿ, ಅದರಿಂದ ಓಲಿಯೋರೆಸಿನ್ ಅನ್ನೋ ಬಣ್ಣದ ಗಟ್ಟಿ ಸಾರ ತಗದು ಅಡಗಿಗಷ್ಟ ಅಲ್ಲ ಲಿಪ್‌ಸ್ಟಿಕ್‌ಗೂ ಬಳಸ್ತಾರ, 2011ರಾಗ ಜಿಐ ಟ್ಯಾಗ್, ಅಂದ್ರ ಈ ಸೀಮಿದ ಮಾಲು ಅನ್ನೋ ಸರಕಾರಿ ಗುರುತು, ಬ್ಯಾರೆ ಸಿಕ್ಕೈತಿ, ಅಂಥಾದ್ದಕ್ಕ ನೀ ಮ್ಯಾಲೆ ಬಣ್ಣ ಏರಿಸೋದು ಅಂದ್ರ ಚೀಲಕ್ಕ ನೀರ ಹೊಡದು ತೂಕಕ್ಕ ಇಟ್ಟಂಗ. ಸುಡುಬಿಸಲಾಗ ಫೋನ್ ಕ್ಯಾಮೆರಾಕ್ಕ ಕೆಂಪ ತಡಿಯಂಗಿಲ್ಲ, ಸುಕ್ಕೆಲ್ಲಾ ಅಳಸಿ ಪೇಂಟ್ ಬಳದಂಗ ಕಾಣತೈತಿ. ನೆರಳಿಗೆ ಹಿಡಿ, ಬ್ರೈಟ್‌ನೆಸ್ ಚೂರ ಇಳಿಸಿ ತಗಿ.

ಘಾಟ ಮಾತ್ರ ಫೋಟೋದಾಗ ಬರಂಗಿಲ್ಲ. ಅದಕ್ಕ ಆಡಿಯೋ ಹಾಕು. ಇಪ್ಪತ್ತ ಸೆಕೆಂಡ್ ಸಾಕು, ಯಾರೋ ಲೆಕ್ಕ ಹೇಳತಾ ಹೇಳತಾ ನಡಕ ಸೀನೋದು, ಚೀಲ ಧಪ್ ಅಂತ ಬೀಳೋದು, ನೀನ ಕೆಮ್ಮಿದ್ರೂ ಇರಲಿ ಕತ್ತರಿಸಬ್ಯಾಡ. ಆದ್ರ ತಾನ ಪ್ಲೇ ಆಗೋಹಂಗ ಇಡಬ್ಯಾಡವ್ವಾ, ಹಾವೇರಿ ಬಸ್ಸಿನ್ಯಾಗ ಕುಂತ ಓದೋರ ಕಿಸೆದಾಗ ಒಮ್ಮೆಲೆ ಸೀನು ಬಂದ್ರ ಹೆಂಗ!

ದರದ ಪಟ್ಟಿನ ಇಮೇಜ್ ಮಾಡಿ ಹಾಕೀ. ಆ ತಪ್ಪ ನಾನೂ ಮಾಡೀನಿ. ಕಣ್ಣ ಕಾಣದ ನನ್ನ ದೋಸ್ತ ಒಬ್ಬಾಂವ ಅದಾನ, ಮೊಬೈಲ್ ಓದಿದ್ದ ಕೇಳ್ತಾನ, ಫೋನ್ ಹಚ್ಚಿ "ಲೇ, ನಡಕ ಐಎಂಜಿ ಅಂಡರ್‌ಸ್ಕೋರ್ ಸೊನ್ನೆ ಸೊನ್ನೆ ಏಳು ಅನ್ನಾಕತ್ತೈತಿ, ಇದೇನ ಹೊಸಾ ತಳಿ ಏನೋ?" ಅಂದ. ಅದು ಇಮೇಜ್ ಫೈಲಿನ ಹೆಸರ. ಅವತ್ತಿಂದ ಪಟ್ಟಿನ ಅಕ್ಷರದಾಗ ಬರೀತೀನಿ, ಹಂಗ ಬರದ್ರ ಗೂಗಲ್‌ನ್ಯಾಗ ಹುಡುಕಿದ್ರೂ ಸಿಗತೈತಿ. ಫೋಟೋಕ್ಕ ಆಲ್ಟ್ ಟೆಕ್ಸ್ಟ್, ಅಂದ್ರ ಮೊಬೈಲ್ ಓದಿ ಹೇಳೋ ಫೋಟೋದ ವಿವರ, ಹಾಕತೀನಿ, ಅದೂ "ಮೆಣಸಿನಕಾಯಿ" ಅಂತಷ್ಟ ಅಲ್ಲ, "ಅಂಗೈ ಮ್ಯಾಲೆ ಎಡಕ್ಕ ಗಿಡ್ಡ ಡಬ್ಬಿ, ಬಲಕ್ಕ ಉದ್ದ ಸುಕ್ಕಗಟ್ಟಿದ ಕಡ್ಡಿ" ಅಂತ.

ಸಣ್ಣಪುಟ್ಟದ್ದು ಇನ್ನೆರಡ. ಐದ ಎಂಬಿ ಫೋಟೋ ಹಂಗ ಏರಿಸಬ್ಯಾಡ, 1200 ಪಿಕ್ಸೆಲ್ ಅಗಲಕ್ಕ ಇಳಿಸಿದ್ರ ಎರಡ್ನೂರ ಕೆಬಿ ಆಸುಪಾಸು ಬರತೈತಿ, ಹಳ್ಳ್ಯಾಗ ಸಿಗ್ನಲ್ ಹೆಂಗಿರತೈತಿ ನಿನಗ ಗೊತ್ತಲ್ಲ. ಸಾಲಿನ ನಡಕ ಜಾಗಾ ಬಿಡು, ಇಂಗ್ಲಿಷಿಗೆ ಇಟ್ಟಷ್ಟ ಇಟ್ರ ನಮ್ಮ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ಬಡೀತಾವ.

ಕಡೀ ಮಾತು. ನಾಕನೇ ಫೋಟೋದ ಮೂಲ್ಯಾಗ ಒಬ್ಬಾಕಿ ಅಜ್ಜಿ ಕುಂತಾಳ ನೋಡು, ಸೆರಗ ಮೂಗಿಗೆ ಕಟಗೊಂಡು ತೊಟ್ಟ ಮುರಿಯಾಕತ್ತಾಳ. ನೀ ಬರದದ್ದರಾಗ ಆಕಿ ಬಗ್ಗೆ ಒಂದ ಸಾಲೂ ಇಲ್ಲ. ಬರೋವಾರ ಮತ್ತ ಹೋಗತೀನಿ ಅಂದಿಯಲ್ಲ, ಆಕಿ ಬಾಜೂಕ ಕುಂತು ಮಾತಾಡಸು, ಆಮ್ಯಾಲೆ ಕೇಳಿ ಫೋಟೋ ತಗಿ, ಫೋಟೋದಾಗ ಆಕಿ ಕೈಯಂತೂ ಬಿಡಬ್ಯಾಡ. ಬರೋಮುಂದ ಒಂದ ಕಿಲೋ ಕಡ್ಡಿ ತಗೊಂಬಾ, ರೊಕ್ಕ ಕೊಡತೀನಿ.

ನಿನ್ನ ಅಣ್ಣ,
ಹುಬ್ಬಳ್ಳಿ