ದೋಸ್ತಾ, ಟವರೇ ತಗೋ

ಪ್ರೀತಿಯ ದೋಸ್ತಾ,

ದಾಲ್ ಮಿಲ್ಲಿನ ಲೆಕ್ಕಕ್ಕೂ ಮಗಳ ಪಿಯುಸಿ ಓದಿಗೂ ಸೇರಿ ಒಂದು ಕಂಪ್ಯೂಟರ್ ಬೇಕು, ಲ್ಯಾಪ್‌ಟಾಪ್ ತಗೊಳ್ಳಲಾ ಅಂತ ಕೇಳಿದ್ದೀಯ. ಬೇಡ. ಮಧ್ಯಮ ಬೆಲೆಯ ಟವರ್, ಅಂದರೆ ಮೇಜಿನ ಪಕ್ಕ ಇಡುವ ಡಬ್ಬಿ ಕಂಪ್ಯೂಟರ್, ಬಿಡಿ ಭಾಗ ಕೂಡಿಸಿ ಅಸೆಂಬಲ್ ಮಾಡಿಸು.

ನಮ್ಮ ಕಲಬುರಗಿ ಬೇಸಿಗೆ ನಿನಗೆ ಹೇಳಬೇಕಾ? ಮೇ ಬಂತೆಂದರೆ 42 ಡಿಗ್ರಿ. ಅದರ ಮೇಲೆ ನಿನ್ನ ಮಿಲ್ಲಿನ ತೊಗರಿ ಹೊಟ್ಟಿನ ಧೂಳು. ಲ್ಯಾಪ್‌ಟಾಪಿನ ಸಣ್ಣ ಫ್ಯಾನಿಗೆ ಧೂಳು ಮೆತ್ತಿಕೊಂಡರೆ ಬಿಸಿ ಹೊರಗೆ ಹೋಗುವುದಿಲ್ಲ. ಆಗ ಪ್ರೊಸೆಸರ್ ತಾನೇ ವೇಗ ಇಳಿಸುತ್ತದೆ, ನೀನು ಕಂಪ್ಯೂಟರ್ ಸ್ಲೋ ಆಯ್ತು ಅಂತ ಬೈಯುತ್ತೀಯ. ಟವರ್ ಆದರೆ ಪ್ಲಗ್ ಕಿತ್ತು, ಪಕ್ಕದ ಎರಡು ಸ್ಕ್ರೂ ಬಿಚ್ಚಿ, ಬ್ಲೋವರ್ ಹಿಡಿದರೆ ಮುಗಿಯಿತು. ಫ್ಯಾನ್ ತಿರುಗದಂತೆ ಬೆರಳು ಅಡ್ಡ ಇಡು, ಅಷ್ಟೇ.

ಪರದೆ ಮೇಲೆ ಚಿತ್ರ ಮೂಡಿಸುವ ದುಬಾರಿ ಗ್ರಾಫಿಕ್ಸ್ ಕಾರ್ಡ್ ಬೇಕು ಅಂತ ಅಂಗಡಿಯವರು ತಲೆಗೆ ತುಂಬಿದರೆ ಕಿವಿಗೊಡಬೇಡ. ಲೆಕ್ಕದ ಟ್ಯಾಲಿಗೆ, ಕನ್ನಡ ಟೈಪಿಂಗಿನ ನುಡಿಗೆ, ಆನ್‌ಲೈನ್ ಪಾಠಕ್ಕೆ ಅದು ಯಾಕೆ? ಪ್ರೊಸೆಸರ್ ಎಎಂಡಿ ಕಂಪನಿಯ ರೈಜನ್ 5 5600ಜಿ ಸಾಕು. 2021ರದ್ದು, ಹಳೆಯದು ಅಂತಾರೆ. ಆದರೂ 6 ಕೋರ್ (ಒಟ್ಟಿಗೆ ಕೆಲಸ ಮಾಡುವ ಘಟಕ) ಇವೆ, ಗ್ರಾಫಿಕ್ಸ್ ಒಳಗೇ ಇದೆ. ಮುಂದೆ ಬೇಕೆನಿಸಿದರೆ 8 ಕೋರಿನ 5700ಜಿ ಅದೇ ಮದರ್‌ಬೋರ್ಡಿನಲ್ಲಿ ಕೂರುತ್ತದೆ. ಇಂಟೆಲ್ ಬೇಕೆಂದರೆ ಐ3 12100. ಆದರೆ ಹೆಸರಿನ ಕೊನೆಗೆ ಎಫ್ ಇದ್ದರೆ ಕೈ ಹಾಕಬೇಡ. ಸ್ವಲ್ಪ ಅಗ್ಗ ಸಿಗುತ್ತದೆ, ಖರೆ, ಆದರೆ ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ. ಬೇರೆ ಕಾರ್ಡ್ ಹಾಕದೆ ಪರದೆ ಮೇಲೆ ಏನೂ ಬರುವುದಿಲ್ಲ.

ರ‍್ಯಾಮ್ ಬೆಲೆ 2025ರ ಕೊನೆಯಿಂದ ಸಿಕ್ಕಾಪಟ್ಟೆ ಏರಿದೆ. ಆದರೂ 8 ಜಿಬಿಯ ಎರಡು ಹಾಕಿಸು, 16ರ ಒಂದೇ ಬೇಡ. ಒಳಗಿನ ಗ್ರಾಫಿಕ್ಸ್ ರ‍್ಯಾಮನ್ನೇ ಬಳಸುತ್ತದೆ. ಎರಡಿದ್ದರೆ ಅದಕ್ಕೆ ವೇಗ ಜಾಸ್ತಿ.

ದುಡ್ಡು ಉಳಿಸಬಾರದ ಜಾಗ ಎಸ್‌ಎಂಪಿಎಸ್, ಅಂದರೆ ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಪೆಟ್ಟಿಗೆ. ಅಗ್ಗದ ಕ್ಯಾಬಿನೆಟ್ ಜೊತೆ ಸುಮ್ನೆ ಕೊಡುವುದನ್ನು ನಂಬಬೇಡ. ಮೇಲೆ 450 ವ್ಯಾಟ್ ಅಂತ ಬರೆದಿರುತ್ತದೆ, ಒಳಗೆ ಅಷ್ಟು ದಮ್ಮು ಇರುವುದಿಲ್ಲ. ಕರೆಂಟ್ ಏರುಪೇರಾದಾಗ ಅದು ಸುಟ್ಟರೆ ಬೋರ್ಡನ್ನೂ ಕರೆದುಕೊಂಡೇ ಹೋಗುತ್ತದೆ. 80 ಪ್ಲಸ್ ಗುರುತಿನ, ಅಂದರೆ ಕರೆಂಟ್ ಕಡಿಮೆ ಪೋಲು ಮಾಡುವ, ಒಳ್ಳೆ ಕಂಪನಿಯ 450 ವ್ಯಾಟಿನದು ಬೇರೆಯಾಗಿ ತಗೋ.

ಕರೆಂಟ್ ಹೋದಾಗ ಲ್ಯಾಪ್‌ಟಾಪೇ ಗೆಲ್ಲುತ್ತದೆ, ಅದನ್ನು ಒಪ್ಪುತ್ತೇನೆ. ಟವರಿಗೆ 600 ವಿಎ ಯುಪಿಎಸ್ ಇಡಲೇಬೇಕು. ಅದು ಕೊಡುವುದು ಫೈಲ್ ಸೇವ್ ಮಾಡಿ ಬಂದ್ ಮಾಡುವಷ್ಟು ಹೊತ್ತು ಮಾತ್ರ.

ಆಫೀಸಿನವರು ಮಾರಿದ ಸೆಕೆಂಡ್ ಹ್ಯಾಂಡ್ ಟವರ್ ಅಗ್ಗಕ್ಕೆ ಸಿಗುತ್ತದೆ ಅಂದೆಯಲ್ಲ, ಅದರ ಪ್ರೊಸೆಸರ್ ಯಾವ ಜನರೇಷನ್ ಅಂತ ಮೊದಲು ಕೇಳು. ಇಂಟೆಲ್ 8ನೆಯದಕ್ಕಿಂತ ಹಿಂದಿನದಾದರೆ, ಕೆಲವೊಂದನ್ನು ಬಿಟ್ಟು, ಮೈಕ್ರೋಸಾಫ್ಟ್ ಪ್ರಕಾರ ವಿಂಡೋಸ್ 11 ನಡೆಯುವುದಿಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ.

ಒಂದೊಂದು ಬಿಡಿ ಭಾಗಕ್ಕೂ ವಾರಂಟಿ ಬೇರೆ ಬೇರೆ. ಬಿಲ್ಲಿನಲ್ಲಿ ಎಲ್ಲವನ್ನೂ ಬಿಡಿಸಿ ಬರೆಸು, ಡಬ್ಬಿ ಎಸೆಯಬೇಡ. ಹಳೆ ಮಾನಿಟರೇ ನಡೆಯುತ್ತದೆ. ಅದರ ಹಿಂದೆ ಕೇಬಲ್ ಸಿಕ್ಕಿಸುವ ಎಚ್‌ಡಿಎಂಐ ಕಿಂಡಿ ಇದೆಯೋ, ಬರೀ ಹಳೆಯ ವಿಜಿಎ ಕಿಂಡಿ ಇದೆಯೋ, ಫೋಟೋ ಹೊಡೆದು ಕಳಿಸು. ಬೋರ್ಡ್ ಯಾವುದು ಅಂತ ಆಮೇಲೆ ಹೇಳುತ್ತೇನೆ.

ನಿನ್ನ ದೋಸ್ತ