25 ವರ್ಷ ಆದ ಮೇಲೆ ಬಾಡಿಗೆದಾರರು ಎಲ್ಲಿಗೆ ಹೋಗಬೇಕು?

ಸಂಪಾದಕರೇ,

ಬಡವರಿಗೆ ಮನೆ ಅಂದ ಕೂಡಲೇ ನಮ್ಮ ಸರ್ಕಾರಗಳು ಹಕ್ಕುಪತ್ರದ ಮಾತಾಡುತ್ತವೆ. ಬೆಂಗಳೂರಿನ 1 ಲಕ್ಷ ಬಹುಮಹಡಿ ಮನೆಗಳ ಯೋಜನೆಯೂ ಅಷ್ಟೇ, ಸಾಲ ಮಾಡಿ ಊರಾಚೆ ಮನೆ ಕೊಳ್ಳಬೇಕು. ಕೆ.ಆರ್. ಮಾರುಕಟ್ಟೆಯಲ್ಲಿ ಬೆಳಗಿನ ಜಾವಕ್ಕೇ ಮೂಟೆ ಹೊರುವವರು, ನಾಲ್ಕಾರು ಮನೆಗಳಲ್ಲಿ ಕೆಲಸ ಮಾಡುವ ಹೆಂಗಸರು ಅಷ್ಟು ದೂರದಿಂದ ದಿನಾ ಓಡಾಡಲು ಆಗುತ್ತದೆಯೇ? ಅವರಿಗೆ ಬೇಕಿರುವುದು ಕೆಲಸದ ಹತ್ತಿರ, ಹತ್ತು ತಿಂಗಳ ಅಡ್ವಾನ್ಸ್ ಕೇಳದ ಒಂದು ಬಾಡಿಗೆ ಮನೆ.

ಲಾಕ್‌ಡೌನ್‌ನಲ್ಲಿ ಕಾರ್ಮಿಕರು ನಡೆದೇ ಊರು ಸೇರಿದ್ದನ್ನು ನೋಡಿದ ಮೇಲೆ, 2020ರಲ್ಲಿ ಕೇಂದ್ರ ಸರ್ಕಾರ ಇಂಥವರಿಗಾಗಿಯೇ ಬಾಡಿಗೆ ವಸತಿ ಯೋಜನೆ ತಂದಿತು. ಮೊದಲ ಬಾಡಿಗೆಯನ್ನು ಸ್ಥಳೀಯ ಸಂಸ್ಥೆ ನಿಗದಿ ಮಾಡಬೇಕು, ಎರಡು ವರ್ಷಕ್ಕೊಮ್ಮೆ ಶೇ 8ರಷ್ಟು ಏರಿಸಬಹುದು, 5 ವರ್ಷದಲ್ಲಿ ಒಟ್ಟು ಏರಿಕೆ ಶೇ 20 ಮೀರಬಾರದು. ಒಳ್ಳೆಯ ನಿಯಮ. ಆದರೆ ಸ್ವಂತ ಜಾಗದಲ್ಲಿ ಕಟ್ಟುವ ಸಂಸ್ಥೆಗೆ ಈ ಕಟ್ಟುಪಾಡು ಇರುವುದು 25 ವರ್ಷ ಮಾತ್ರ! ಅದಕ್ಕೆ ತೆರಿಗೆ ವಿನಾಯಿತಿ, ಕಡಿಮೆ ಬಡ್ಡಿಯ ಸಾಲ, ಶೇ 50ರಷ್ಟು ಹೆಚ್ಚುವರಿ ಎಫ್‌ಎಆರ್ (ಜಾಗದ ಅಳತೆಗೆ ತಕ್ಕಂತೆ ಎಷ್ಟು ಕಟ್ಟಬಹುದು ಅನ್ನುವ ಮಿತಿ) ಎಲ್ಲ ಸಿಗುತ್ತದೆ. ಇಷ್ಟೆಲ್ಲ ಕೊಟ್ಟ ಮೇಲೆ ಆ ಮನೆಗಳ ಮೇಲೆ ಜನರಿಗೂ ಹಕ್ಕಿದೆ, ಅಲ್ವಾ?

ಬಾಡಿಗೆದಾರರನ್ನು ಕಡೆಗಣಿಸಿದರೆ ಏನಾಗುತ್ತದೆ ಅನ್ನುವುದನ್ನು ಬೆಂಗಳೂರಿನ ಈಜಿಪುರದಲ್ಲಿ ನೋಡಿದ್ದೇವೆ. ಅಲ್ಲಿ ಬಡವರಿಗಾಗಿ ಕಟ್ಟಿಸಿದ್ದ ಇಡಬ್ಲ್ಯುಎಸ್ ಕ್ವಾರ್ಟರ್ಸ್‌ನ ಬ್ಲಾಕ್‌ಗಳು ಕಟ್ಟಿಸಿ ಹೆಚ್ಚು ಕಾಲ ಆಗುವ ಮೊದಲೇ ಕುಸಿಯಲು ಶುರುವಾದವು, ಆಮೇಲೆ ಖಾಸಗಿ ಸಹಭಾಗಿತ್ವದ ಹೆಸರಲ್ಲಿ ಜಾಗದ ಒಂದು ಪಾಲನ್ನು ಮಾಲ್‌ಗೆ ಬಿಟ್ಟುಕೊಡುವ ಒಪ್ಪಂದ ಆಯಿತು, 2013ರ ಜನವರಿಯಲ್ಲಿ ಅದೇ ಜಾಗದಲ್ಲಿ ತಗಡಿನ ಶೆಡ್‌ಗಳಲ್ಲಿದ್ದವರನ್ನೂ ಬುಲ್ಡೋಜರ್ ತಂದು ಎಬ್ಬಿಸಿದರು. ಮೊದಲು ಮನೆ ಹಂಚಿಕೆಯಾಗಿದ್ದವರಿಗೆ ಹೊಸ ಮನೆಯ ಭರವಸೆಯಾದರೂ ಇತ್ತು. ವರ್ಷಗಟ್ಟಲೆ ಅಲ್ಲೇ ಬಾಡಿಗೆಗಿದ್ದವರನ್ನು ಅವರ ಸಾಲಿಗೆ ಸೇರಿಸಲೇ ಇಲ್ಲ. ಆ ಚಳಿಯಲ್ಲಿ ಮಕ್ಕಳು ಫುಟ್‌ಪಾತ್ ಮೇಲೆ ಮಲಗಿದ್ದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

2024ರಲ್ಲಿ ಶುರುವಾದ ಕೇಂದ್ರದ ವಸತಿ ಯೋಜನೆ ಪ್ರಧಾನಮಂತ್ರಿ ಆವಾಸ್ 2.0ರಲ್ಲೂ ಬಾಡಿಗೆ ಮನೆಗಳ ಭಾಗ ಇದೆ. ಇದರಡಿ ಮಾಡಿಕೊಳ್ಳುವ ಒಪ್ಪಂದಗಳಲ್ಲೇ ನಮ್ಮ ರಾಜ್ಯ ಸರ್ಕಾರ ಕೆಲವು ಮಾತು ಬರೆಸಿಕೊಳ್ಳಲಿ. ಅವಧಿ ಮುಗಿದ ಮೇಲೆ ಮಾಲೀಕರು ಮಾರುವುದಾದರೆ ಕೊಳ್ಳುವ ಮೊದಲ ಹಕ್ಕು ಪಾಲಿಕೆಗೋ ಗೃಹ ಮಂಡಳಿಗೋ ಇರಬೇಕು. ರಿಪೇರಿಗೆಂದೇ ಬಾಡಿಗೆಯಲ್ಲಿ ಒಂದು ಪಾಲು ಬೇರೆ ಖಾತೆಯಲ್ಲಿ ಇಡಬೇಕು, ಇಲ್ಲದಿದ್ದರೆ ಗೋಡೆ ಬಿರುಕು ಬಿಟ್ಟಿದೆ ಅಂತ ಹೇಳಿಯೇ ಜನರನ್ನು ಹೊರಗೆ ಹಾಕುತ್ತಾರೆ. ಕಟ್ಟಡ ಕೆಡವಲೇಬೇಕು ಅಂದರೂ, ಈಗ ಅಲ್ಲಿರುವ ಬಾಡಿಗೆದಾರರ ಹೆಸರು ಹೊಸ ಮನೆಗಳ ಪಟ್ಟಿಯಲ್ಲಿ ಮೊದಲು ಬರಬೇಕು.

– ಒಬ್ಬ ಬಾಡಿಗೆದಾರ, ಬೆಂಗಳೂರು