ಮೆಷಿನ್‌ಗೆ ದಾರಿ ತೋರಿಸುವುದನ್ನೂ ಕಲಿಸಿ

ಸಂಪಾದಕರಿಗೆ ನಮಸ್ಕಾರ.

ಕಾಮಾಕ್ಷಿಪಾಳ್ಯದಲ್ಲಿ ನನ್ನದೊಂದು ಸಣ್ಣ ಸಿಎನ್‌ಸಿ ರೌಟರ್ (ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಮೆಷಿನ್) ಅಂಗಡಿ ಇದೆ. ಅದಕ್ಕೂ ಮೊದಲು ಉಳಿ ಹಿಡಿದವನು ನಾನು. ‘ಮೆಷಿನ್ ಅಲ್ವಾ, ಫೈಲ್ ಹಾಕಿದರೆ ತಾನೇ ಕೆತ್ತುತ್ತೆ’ ಎಂದು ಗಿರಾಕಿಗಳು ರೇಟು ಇಳಿಸುತ್ತಾರೆ. ನಾನೂ ಒಂದು ಕಾಲಕ್ಕೆ ಹಾಗೇ ನಂಬಿದ್ದೆ.

ಆ ನಂಬಿಕೆ ಬಿಡಿಸಿದ್ದು ಸೋದರತ್ತೆ ಮನೆಯ ದೇವರ ಕೋಣೆ ಬಾಗಿಲು. 18 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಬೋರ್ಡ್), ಅದರಲ್ಲಿ 6 ಮಿ.ಮೀ. ಆಳದ ಕಮಲದ ದಳಗಳು. ಬೇಗ ಮುಗಿಯಲಿ ಎಂದು, ಹೊಲ ಉತ್ತ ಹಾಗೆ ಹೋಗಿ ಬರುವ ಟೂಲ್‌ಪಾತ್, ಅಂದರೆ ಬಿಟ್ (ಕೊರೆಯುವ ಮೊನೆ) ಓಡುವ ದಾರಿ, ಹಾಕಿದೆ. ದಳದ ಅಂಚೆಲ್ಲ ಹಲ್ಲು ಹಲ್ಲು, ಮೇಲೆ ಜುಂಗು. ಬೋರ್ಡ್ ಸರಿಯಿಲ್ಲ ಎಂದು ಮಾರಿದವರನ್ನು ಬೈದೆ. ಎರಡು ದಿನ ಉಪ್ಪುಕಾಗದ ತಿಕ್ಕಿದೆ. ಎಂಡಿಎಫ್‌ನ ಹೊರಮೈ ಗಟ್ಟಿ, ಒಳಗೆ ಮೆತ್ತಗೆ. ಎಷ್ಟು ತಿಕ್ಕಿದರೂ ಗುಳಿಯ ಗೋಡೆ ಬಣ್ಣ ಕುಡಿಯುತ್ತಲೇ ಇತ್ತು.

ಬೋರ್ಡ್ ಏನೂ ಮಾಡಿರಲಿಲ್ಲ. ಹೋಗಿ ಬರುವ ದಾರಿಯಲ್ಲಿ ಸಾಲು ಮುಗಿಯುವ ಕಡೆಯೆಲ್ಲ ಬಿಟ್ ಗೋಡೆಗೆ ಒಂದು ಕಚ್ಚು ಹಾಕುತ್ತದೆ. ಈಗ ಅಂಚಿನ ಆಕಾರದಲ್ಲೇ ಸುತ್ತುವ ದಾರಿ ಹಾಕುತ್ತೇನೆ. ಸುತ್ತಿನಿಂದ ಸುತ್ತಿಗೆ ಸರಿಯುವುದು ಬಿಟ್‌ನ ಅಗಲದ ಶೇ 40ರಷ್ಟು. ಅರ್ಧ ದಾಟಿದರೆ ಮೂಲೆಗಳಲ್ಲಿ ಚೂರು ನಿಲ್ಲುತ್ತದೆ. ಗೋಡೆಗೆ 0.3 ಮಿ.ಮೀ. ಸಿಪ್ಪೆ ಬಿಟ್ಟು ಗುಳಿ ತೆಗೆದು, ಆ ಸಿಪ್ಪೆಯನ್ನು ಕೊನೆಗೆ ಪೂರ್ತಿ ಆಳದಲ್ಲಿ ಒಂದೇ ಸುತ್ತಿಗೆ ತೆಗೆಯುತ್ತೇನೆ. ಗುಳಿ ತೆಗೆಯುವಾಗ ಅಪ್ರದಕ್ಷಿಣೆ, ಕೊನೆಯ ಸುತ್ತು ಪ್ರದಕ್ಷಿಣೆ. ನನ್ನ ಮೆಷಿನ್‌ಗೆ ಇದೇ ಒಗ್ಗಿದೆ. ದೇವರ ಬಾಗಿಲಿಗೆ ಅಪ್ರದಕ್ಷಿಣೆ ಹಾಕಿದ್ದನ್ನು ಅತ್ತೆಗೆ ಮಾತ್ರ ಹೇಳಿಲ್ಲ.

ನಿಧಾನ ಓಡಿಸಿದರೆ ನಯ ಬರುತ್ತೆ ಎನ್ನುವವರಿದ್ದಾರೆ. ಎರಡು ಅಲಗಿನ ಬಿಟ್ ನಿಮಿಷಕ್ಕೆ 18,000 ಸುತ್ತು ತಿರುಗುವಾಗ ಅದನ್ನು ನಿಮಿಷಕ್ಕೆ 1 ಮೀಟರ್ ಓಡಿಸಿ ನೋಡಿ. ಒಂದು ಸುತ್ತಿನಲ್ಲಿ ಒಂದೊಂದು ಅಲಗಿಗೆ ಕೊರೆಯಲು 0.03 ಮಿ.ಮೀ. ಕೂಡ ಸಿಗುವುದಿಲ್ಲ. ಅದು ಕೊರೆಯಲ್ಲ, ಸುಮ್ನೆ ಉಜ್ಜುತ್ತೆ. ಕಾದು ಮೊಂಡಾಗುತ್ತೆ. ನಾನು 4.5 ಮೀಟರ್‌ಗೆ ಇಟ್ಟಿದ್ದೇನೆ. ಮೇಲಂಚಿಗೆ ಕೆಳಮುಖವಾಗಿ ಕೊರೆಯುವ ಡೌನ್‌ಕಟ್ ಬಿಟ್ ಒಳ್ಳೆಯದು, ಆದರೆ ಅದು ಪುಡಿಯನ್ನು ಗುಳಿಯೊಳಗೇ ಒತ್ತುತ್ತದೆ. ಪುಡಿ ಎಳೆಯುವ ಪೈಪು ಪಕ್ಕದಲ್ಲೇ ಇರಬೇಕು.

ಇದನ್ನೆಲ್ಲ ಬೋರ್ಡ್ ಹಾಳು ಮಾಡಿಯೇ ಕಲಿತೆ. ಕೋರ್ಸ್ ಮುಗಿಸಿ ಬರುವ ಹುಡುಗರಿಗೆ ಬಟನ್ ಗೊತ್ತು. ಈ ದಾರಿ ಯಾಕೆ ಹಾಕಿದೆ ಅಂದರೆ ‘ಸಾಫ್ಟ್‌ವೇರ್ ಕೊಟ್ಟಿದ್ದು ಅಣ್ಣಾ’ ಎನ್ನುತ್ತಾರೆ. ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರಗೆಲಸದ ತರಬೇತಿ ಕೇಂದ್ರವಿದೆ. ನಮ್ಮಂಥ ಸಣ್ಣ ಅಂಗಡಿಯವರಿಗೆ ಅಲ್ಲಿ ಭಾನುವಾರದ ಹೊತ್ತು, ಕನ್ನಡದಲ್ಲಿ, ಎರಡು ಗಂಟೆ ಈ ಪಾಠ ಇಡಬಾರದೇ? ಕೆಡಿಸಲು ಬೇಕಾದ ಬೋರ್ಡ್ ತುಂಡುಗಳನ್ನು ನಾನೇ ತರುತ್ತೇನೆ.

– ಒಬ್ಬ ಓದುಗ, ಕಾಮಾಕ್ಷಿಪಾಳ್ಯ, ಬೆಂಗಳೂರು